ತಿಳಿನೀರು ಕುಡಿದ ಅಂಬಾಸಿಡರ್

ಈ ಕೆಲಸ ಶುರುವಾದದ್ದೇ ಮೀನಿನ ನೀರಿನಿಂದ. ಕುಮಟೆಯಿಂದ ಶಿರಸಿಗೆ ಹತ್ತುವ ದೇವಿಮನೆ ಘಟ್ಟದಲ್ಲಿ ಎಪ್ಪತ್ತರ ದಶಕದ ಒಂದು ಅಂಬಾಸಿಡರ್ ಕುದಿದು ನಿಂತಿತ್ತು. ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಒಳಗಿದ್ದ ಹೊಸ ಬೀಗರು ನಾಲ್ವರೂ ಇಳಿದು ರಸ್ತೆಯಂಚಿನಲ್ಲಿ ರೇಷ್ಮೆ ಸೀರೆಯ ಅಂಚು ಎತ್ತಿಕೊಂಡು ನಿಂತಿದ್ದರು. ಅದೇ ಹೊತ್ತಿಗೆ ಮೀನು ಹೇರಿಕೊಂಡ ಗೂಡ್ಸ್ ರಿಕ್ಷಾವೊಂದು ಕೆಳಗಿನಿಂದ ಬಂದು ಅವರನ್ನು ದಾಟಿ ಹೋಯಿತು. ದಾಟುವುದೊಂದೇ ಆಗಿದ್ದರೆ ಮರೆಯಬಹುದಿತ್ತು. ತಿರುವಿನಲ್ಲಿ ವಾಲಿ, ಬುಟ್ಟಿಯಲ್ಲಿ ಕರಗಿದ ಐಸಿನ ನೀರನ್ನು ಬಾನೆಟ್ಟಿನ ಮೇಲೆಯೇ ಚೆಲ್ಲಿ ಹೋಯಿತು. ಹದಿನೈದು ದಿನ ಕಳೆದು ಆ ಕಾರು ನನ್ನ ಗ್ಯಾರೇಜಿಗೆ ಬಂದಾಗಲೂ ಬಾನೆಟ್ ಎತ್ತಿದರೆ ಗಬ್ಬು ನಾರುತ್ತಿತ್ತು.

"ಮೀನಿನ ರಿಕ್ಷಾ ದಾಟ್ಕಂಡು ಹೋತು ಮೇಸ್ತ್ರೀ. ಬೀಗ್ರ ಎದುರಿಗೆ," ಎಂದರು ಕಾರಿನ ಯಜಮಾನರು. ಹೆಗಡೆಕಟ್ಟಾ ಕಡೆಯ ತೋಟದವರು, ಐವತ್ತು ದಾಟಿದವರು, ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ಮಾತಾಡುವವರು. ಅವತ್ತು ಮಾತ್ರ ಉಗಿದು ಬಂದು ಮಾತಾಡಿದರು. ವೈಶಾಖದಲ್ಲಿ ಮಗಳ ಮದುವೆ. ಮದುವೆಯಾದ ಮೇಲೆ ಮಗಳನ್ನೂ ಅಳಿಯನನ್ನೂ ಮೊದಲ ಸಲ ಕುಮಟೆಯಿಂದ ಮನೆಗೆ ಕರೆತರುವುದು ಇದೇ ಕಾರಿನಲ್ಲಿ. ತಾನೇ ಓಡಿಸಬೇಕು, ಘಟ್ಟದಲ್ಲಿ ಎಲ್ಲೂ ನಿಲ್ಲಬಾರದು, ಒಂದು ರಿಕ್ಷಾವೂ ದಾಟಬಾರದು. ಅದಕ್ಕೆ ಎಂಜಿನ್ನಿಗೆ ಟರ್ಬೊ ಕೂರಿಸಿಕೊಡಬೇಕು. "ಎಂತ ಬೇಕಾದ್ರೂ ಬದಲ್ಸಿ. ಬ್ಲಾಕ್ ಮಾತ್ರ ಅಪ್ಪಯ್ಯಂದೇ ಇರವು. ಅದ್ರ ಮೇಲಿನ ನಂಬರ್ ಅಪ್ಪಯ್ಯಂಗೆ ಬಾಯಿಪಾಠ ಇತ್ತು." ಬ್ಲಾಕ್ ಎಂದರೆ ಎಂಜಿನ್ನಿನ ಒಡಲು, ಸಿಲಿಂಡರುಗಳಿರುವ ಎರಕದ ಕಬ್ಬಿಣದ ಮುದ್ದೆ.

ನನಗೆ ಆಗಲೇ ಅಸಹ್ಯ ಹುಟ್ಟಿತ್ತು. ಮೀನಿನ ವಾಸನೆಗಲ್ಲ, ಮೀನು ನಾನೂ ತಿನ್ನುತ್ತೇನೆ. ಎಂಜಿನ್ ಹೇಗಿರಬೇಕೆಂದು ಮನುಷ್ಯನ ಮಾನದ ಚಿಂತೆ ನಿರ್ಧರಿಸುತ್ತದಲ್ಲ, ಅದಕ್ಕೆ. ಗಾಡಿ ಕುದಿದರೆ ಮೊದಲು ಕೇಳಬೇಕಾದ್ದು ಯಾಕೆ ಕುದಿಯಿತು ಎಂದು. ಅವರು ಕೇಳಲಿಲ್ಲ, ಸರಿ. ಮೂವತ್ತು ವರ್ಷ ಸ್ಪಾನರ್ ಹಿಡಿದ ನಾನೂ ಕೇಳಲಿಲ್ಲ. ನನಗೂ ಆಸೆ ಹತ್ತಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಪೆಟ್ರೋಲ್ ಅಂಬಾಸಿಡರಿಗೆ ಟರ್ಬೊ ಕೂರಿಸಿದವನು ಒಬ್ಬನೂ ಇರಲಿಲ್ಲ.

ನನ್ನ ಗ್ಯಾರೇಜಿನ ಗೋಡೆಯ ಮೇಲೆ ಹದಿನೈದು ವರ್ಷದ ಹಿಂದೆಯೇ ಕೆಂಪು ಬಣ್ಣದಲ್ಲಿ ಮೂರು ಸಾಲು ಬರೆಸಿದ್ದೆ. ಮುಗಿಯುವ ದಿನ ಕೇಳಬೇಡಿ. ಹತ್ತಿರ ನಿಂತು ಸಲಹೆ ಕೊಡಬೇಡಿ. ರೇಡಿಯೇಟರಿಗೆ ಬಾವಿನೀರು ಹಾಕಬೇಡಿ, ಡ್ರಮ್ಮಿನಲ್ಲಿ ನಿಂತು ತಿಳಿಯಾದ ನೀರು ಹಾಕಿ. ನಮ್ಮ ಕಡೆ ಬಾವಿನೀರಿನಲ್ಲಿ ಕೆಂಪು ಗಸಿ ಜಾಸ್ತಿ, ಅದು ಒಳಗೆ ಕೂತು ನೀರಿನ ದಾರಿ ಕಟ್ಟುತ್ತದೆ. ಆ ಮೂರನೆಯ ಸಾಲಿನ ಮೇಲೆ ನನಗೆ ಸ್ವಲ್ಪ ಜಂಬವೇ ಇತ್ತೆನ್ನಿ. ಬಂದ ಗಿರಾಕಿಗೆಲ್ಲ ಬೋರ್ಡಿನತ್ತ ಬೆರಳು ತೋರಿಸಿ ಓದಿಸುತ್ತಿದ್ದೆ.

ಮೊದಲ ವಾರ ಬರೀ ನೋಟ್‌ಬುಕ್ಕಿನ ಕೆಲಸ. ಟರ್ಬೊ ಎಂದರೆ ಹೊರಗೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಪುಟ್ಟ ಫ್ಯಾನ್ ತಿರುಗಿಸಿ, ಅದರ ಜೊತೆಗೇ ತಿರುಗುವ ಇನ್ನೊಂದು ಫ್ಯಾನಿನಿಂದ ಎಂಜಿನ್ನಿನ ಬಾಯಿಗೆ ಗಾಳಿ ತುರುಕುವುದು. ಗಾಳಿ ಹೆಚ್ಚಿದಷ್ಟು ಪೆಟ್ರೋಲ್ ಹೆಚ್ಚು ಉರಿಯುತ್ತದೆ, ಶಕ್ತಿ ಏರುತ್ತದೆ, ಜೊತೆಗೆ ಬಿಸಿಯೂ ಏರುತ್ತದೆ. ಈ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ನಿಂತಿರುವುದು ಮೂರೇ ಬೇರಿಂಗಿನ ಮೇಲೆ. ಹಾಗಾಗಿ ಐದು ಪೌಂಡ್ ಒತ್ತಡ, ಅದಕ್ಕಿಂತ ಒಂದು ಕೂದಲೂ ಜಾಸ್ತಿ ಬೇಡ ಎಂದು ಮೊದಲ ಪುಟದಲ್ಲೇ ಬರೆದು ಎರಡು ಗೆರೆ ಎಳೆದೆ. ಟೈರಿಗೆ ಮೂವತ್ತು ಪೌಂಡ್ ಎನ್ನುತ್ತೇವಲ್ಲ, ಅದೇ ಪೌಂಡ್. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಸುತ್ತ ಅಲ್ಯೂಮಿನಿಯಂ ಪೆಟ್ಟಿಗೆ ಕಟ್ಟಿ ಗಾಳಿಯನ್ನು ಅದರೊಳಗೆ ನುಗ್ಗಿಸಬೇಕು. ಹಳೆಯ ಪೆಟ್ರೋಲ್ ಪಂಪ್ ಆ ಒತ್ತಡದ ಎದುರು ಪೆಟ್ರೋಲ್ ದೂಡಲಾರದು, ಅದಕ್ಕೆ ಕರೆಂಟಿನ ಪಂಪ್. ಟರ್ಬೊಗೆ ಆಯಿಲ್ ಪ್ರೆಶರ್ ಗೇಜಿನ ಜಾಗದಿಂದ ಎಣ್ಣೆ ಕೊಟ್ಟು, ವಾಪಸ್ ಬರುವ ಎಣ್ಣೆಯನ್ನು ಎಂಜಿನ್ನಿನ ತಳದ ಚೇಂಬರಿನಲ್ಲಿ ಎಣ್ಣೆಯ ಮಟ್ಟಕ್ಕಿಂತ ಮೇಲೆ ಬಿಡಬೇಕು. ಸಿಲಿಂಡರುಗಳನ್ನು ಮುಚ್ಚುವ ಹೆಡ್ಡಿಗೆ ತಾಮ್ರದ ಗ್ಯಾಸ್ಕೆಟ್. ಕಿಡಿ ಹಾರುವ ಟೈಮಿಂಗ್ ಸ್ವಲ್ಪ ಹಿಂದಕ್ಕೆ.

ಇದನ್ನೆಲ್ಲ ಓದಿ ಹೇಳುತ್ತಿದ್ದಾಗ ಯಜಮಾನರ ಜೊತೆ ಅವರ ಭಾವ ಬಂದಿದ್ದರು. ಯಲ್ಲಾಪುರದವರು, ಒಡೆದ ಲಾರಿ, ಕಾರುಗಳ ಹಳೇ ಸಾಮಾನಿನ ವ್ಯಾಪಾರ. ಬೋರ್ಡಿನ ಎರಡನೆಯ ಸಾಲಿನ ಕೆಳಗೇ ನಿಂತು ಸಲಹೆ ಕೊಡಲು ಶುರು ಮಾಡಿದರು. "ಐದು ಪೌಂಡು ಎಂತಕ್ಕೂ ಸಾಕಾಗ್ತಿಲ್ಲೆ. ಹನ್ನೆರಡು ಹಾಕಿ. ಆನು ವಿಡಿಯೋದಲ್ಲಿ ನೋಡಿದ್ದಿ."

"ವಿಡಿಯೋದಲ್ಲಿ ಎಂಜಿನ್ ಒಡೆದ ಮೇಲಿಂದು ತೋರಿಸ್ತಾರಾ?" ಎಂದೆ.

"ಒಡೆದ್ರೆ ಇನ್ನೊಂದು ವಿಡಿಯೋ ಆಗ್ತು," ಎಂದು ಹಲ್ಲು ಕಿರಿದರು. ಥೂ.

ಟರ್ಬೊ ಅವರೇ ತಂದುಕೊಟ್ಟರು, ಗೊಬ್ಬರದ ಚೀಲದಲ್ಲಿ. ಯಾವುದೋ ಜಖಂ ಆದ ಡೀಸೆಲ್ ಕಾರಿನದು. ಚೀಲ ಬಿಚ್ಚಿದರೆ ಒಳಗೆ ಕರಿ ಮಡ್ಡಿ, ಅದಕ್ಕೆ ಅಂಟಿದ ಯೂರಿಯಾ ಕಾಳು, ಗಾಳಿ ಎಳೆಯುವ ಬಾಯಲ್ಲಿ ಸತ್ತ ಜಿರಲೆ. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಅಜ್ಜನ ಹಲ್ಲಿನ ಹಾಗೆ ಗಡಗಡ. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ತಿಕ್ಕಿ, ಹೊಸ ಬೇರಿಂಗ್ ಹಾಕುವ ಹೊತ್ತಿಗೆ ನನ್ನ ಉಗುರಿನ ಸಂದಿಯ ನಾತಕ್ಕೆ ಊಟ ಸೇರುತ್ತಿರಲಿಲ್ಲ.

ಬ್ರೇಕಿನ ಮೇಲೆ ಒಂದು ಜಗಳ ಆಯಿತು. ನಾಲ್ಕೂ ಚಕ್ರಕ್ಕೆ ಹಳೇ ಡ್ರಮ್ ಬ್ರೇಕ್. ಮುಂದಿನ ಎರಡಕ್ಕೆ ಡಿಸ್ಕ್ ಹಾಕದೆ ಶಕ್ತಿ ಏರಿಸುವುದಿಲ್ಲ ಎಂದೆ. ಯಜಮಾನರಿಗೆ ಆಶ್ಚರ್ಯ. "ಘಟ್ಟ ಹತ್ತೂದಕ್ಕೆ ಬ್ರೇಕ್ ಎಂತಕ್ಕೆ ಮೇಸ್ತ್ರೀ?"

"ಹತ್ತಿದ ಮೇಲೆ ಯಾವತ್ತೂ ಇಳಿಯೂದಿಲ್ವಾ ಯಜಮಾನ್ರೆ?"

"ಇಳಿವಾಗ ನಿಧಾನ ಹೋದ್ರಾತು."

ಡಿಸ್ಕ್ ಇಲ್ಲದಿದ್ದರೆ ಗಾಡಿ ತಗೊಂಡು ಹೋಗಿ ಎಂದು ನೋಟ್‌ಬುಕ್ ಮುಚ್ಚಿದೆ. ಒಪ್ಪಿದರು. ಆಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಜವಾಬ್ದಾರಿ ಇರುವವನು ಇಡೀ ಶಿರಸಿಯಲ್ಲಿ ನಾನೊಬ್ಬನೇ ಅನ್ನುವ ಹಾಗೆ.

ಎಂಜಿನ್ ಇಳಿಸಿ ಬಿಚ್ಚಿದೆ. ರೇಡಿಯೇಟರಿನ ಪೈಪ್ ಕೂರುವ ಕಂಠದಲ್ಲಿ ಹಸಿರು ಮಿಶ್ರಿತ ನೀಲಿ ಹಕ್ಕಳೆ ಕಟ್ಟಿತ್ತು. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲಂಟ್ ಹಸಿರಿರುತ್ತದೆ, ಯಾವನೋ ಡ್ರೈವರ್ ಹಾಕಿ ಒಣಗಿಸಿದ್ದಾನೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಸ್ಕ್ರೂಡ್ರೈವರಿನಿಂದ ಕೆರೆದು ಪ್ಯಾಂಟಿಗೆ ಒರೆಸಿಕೊಂಡೆ. ರೇಡಿಯೇಟರ್ ಅರ್ಧಕ್ಕರ್ಧ ಕಟ್ಟಿಹೋಗಿತ್ತು, ಹೊಸದು ಬೇಕೆಂದು ಬರೆದೆ. ರೇಡಿಯೇಟರ್ ಕಟ್ಟಿದ್ದರೆ ಬ್ಲಾಕಿನೊಳಗೂ ಇಣುಕಬೇಕು, ಇದು ಗ್ಯಾರೇಜಿಗೆ ನಿನ್ನೆ ಸೇರಿದವನಿಗೂ ಗೊತ್ತು. ಬ್ಲಾಕಿನ ಬದಿಯಲ್ಲಿ ತಗಡಿನ ಬಿಲ್ಲೆಗಳಿರುತ್ತವೆ. ಬಡಿದು ತೆಗೆದರೆ ಸಿಲಿಂಡರಿನ ಸುತ್ತ ನೀರು ಓಡಾಡುವ ಗೂಡು, ಅಂದರೆ ವಾಟರ್ ಜಾಕೆಟ್, ಕಣ್ಣಿಗೆ ಕಾಣುತ್ತದೆ. ಅರ್ಧ ಗಂಟೆಯ ಕೆಲಸ. ಬಿಲ್ಲೆ ಸೋರುತ್ತಿರಲಿಲ್ಲ, ಸೋರದ್ದನ್ನು ಯಾಕೆ ಕೆದಕುವುದು ಎಂದು ಬಿಟ್ಟೆ.

ಸಿಲಿಂಡರುಗಳು ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಒಳಗೋಡೆ ಕೊರೆದು ದುಂಡಗೆ ಮಾಡುವ ಬೋರ್ ಕೆಲಸಕ್ಕೆ ಬ್ಲಾಕನ್ನು ಹುಬ್ಬಳ್ಳಿಗೆ ಒಯ್ದೆ. ಅಲ್ಲಿ ಯಂತ್ರದ ಮುಂದೆ ಕೂರುವ ಮುದುಕರು ಬ್ಲಾಕಿನ ಮೇಲೆ ಕೈಯಾಡಿಸಿ, ಹೆಡ್ ಕೂರುವ ಮೈಯಲ್ಲಿದ್ದ ನೀರಿನ ತೂತುಗಳಿಗೆ ಬೆರಳಿಟ್ಟು ನೋಡಿದರು.

"ಏನ್ರಿ ಮೇಸ್ತ್ರಿ, ಒಳಗ ವಾಟರ್ ಜಾಕೆಟ್ ನೋಡೀರೇನು? ತೂತಿನ ಅಂಚು ತಿಂದಂಗ ಕಾಣ್ತೈತಲ್ರೀ."

"ಕೂಲಂಟ್ ಹಾಕಿದ ಗಾಡಿ ಅಜ್ಜಾರೆ, ಎಂತದೂ ಆಗಿಲ್ಲ. ನಲವತ್ತು ಥೌ ಬಿಡಿ," ಎಂದೆ. ನಲವತ್ತು ಥೌ ಎಂದರೆ ಸಿಲಿಂಡರಿನ ಅಗಲಕ್ಕೆ ಒಂದು ಮಿಲಿಮೀಟರಿಗೆ ಕೂದಲಷ್ಟು ಹೆಚ್ಚು, ಗೋಡೆಯಿಂದ ಅದರ ಅರ್ಧ.

"ನಿಮ್ಮ ಮಾತಿನ ಮ್ಯಾಲೆ ಬಿಡ್ತೀನ್ರಿ ಮತ್ತ," ಎಂದು ಅವರು ಯಂತ್ರ ಚಾಲೂ ಮಾಡಿದರು. ಆ ಮಾತು ಈಗಲೂ ಕಿವಿಯಲ್ಲಿ ಕೊರೆಯುತ್ತದೆ.

ಬ್ಲಾಕ್ ಕನ್ನಡಿಯ ಹಾಗೆ ಹೊಳೆಯುತ್ತ ವಾಪಸು ಬಂತು. ಸಾಮಾನ್ಯ ಎಂಜಿನ್ ಆಗಿದ್ದರೆ ಅಂದೇ ಪಿಸ್ಟನ್ ಇಳಿಸುತ್ತಿದ್ದೆ. ಟರ್ಬೊ ಕೆಲಸವಾದ್ದರಿಂದ ಮೊದಲು ನೀರಿನ ಪರೀಕ್ಷೆ ಮಾಡಿದೆ. ಮೇಲೆ ರಬ್ಬರ್ ಹಾಸಿ, ದಪ್ಪ ಕಬ್ಬಿಣದ ಹಲಗೆ ಬಿಗಿದು, ಒಳಗೆ ನೀರು ತುಂಬಿ, ಕೈಪಂಪಿನಿಂದ ಮೂವತ್ತು ಪೌಂಡ್ ಏರಿಸಿದೆ. ಗೇಜಿನ ಮುಳ್ಳು ನಿಲ್ಲಲಿಲ್ಲ. ಇಪ್ಪತ್ತೆಂಟು, ಇಪ್ಪತ್ತೈದು. ಹಲಗೆಯ ಸಂದಿ ಒಣಗಿತ್ತು, ಬಿಲ್ಲೆಗಳು ಒಣಗಿದ್ದವು. ಬ್ಲಾಕಿನ ಕೆಳಗೆ ತಲೆ ತೂರಿಸಿ ಟಾರ್ಚ್ ಬಿಟ್ಟು ನೋಡಿದೆ. ಮೂರನೆಯ ಸಿಲಿಂಡರಿನ ಹೊಳೆಯುವ ಗೋಡೆ ಹೊಸ ಮಣ್ಣಿನ ಕೊಡದ ಹಾಗೆ ಬೆವರುತ್ತಿತ್ತು.

ಆಗ ತೆಗೆದೆ ಬಿಲ್ಲೆಯನ್ನು, ಒಂದು ತಿಂಗಳ ಹಿಂದೆ ತೆಗೆಯಬೇಕಾದದ್ದನ್ನು. ಒಳಗಿಂದ ಕರಿ ರಾಡಿ ಗಳಗಳ ಸುರಿದು ಚಪ್ಪಲಿ ತುಂಬಿತು. ಕೊಳೆತ ಚರಂಡಿ ವಾಸನೆ. ಬೆರಳು ಹಾಕಿ ರಾಡಿ ತೆಗೆದೆ, ಹಸಿರು ಹಕ್ಕಳೆ ಬಂತು, ಅದರ ಕೆಳಗೆ ಕೆಂಪು. ತುಕ್ಕಿನ ಕೆಂಪಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಕೆಂಪು. ಎರಕದ ಕಬ್ಬಿಣದ ಗೋಡೆಗೆ ತಾಮ್ರ ಎಲ್ಲಿಂದ ಬಂತು? ಉಗುರಿನಿಂದ ಕೆರೆದರೆ ಒಳಗಿನ ಕಬ್ಬಿಣ ಪೆನ್ಸಿಲ್ ಸೀಸದ ಹಾಗೆ ಮೆತ್ತಗೆ ಕಪ್ಪಾಗಿ ಬೆರಳಿಗೆ ಹತ್ತಿತು. ಹೊರಗೆ ಕನ್ನಡಿ, ಒಳಗೆ ಹುಣ್ಣು. ಅದರ ಮೇಲೆ ಉಳಿದಿದ್ದ ಅರ್ಧ ಮಿಲಿಮೀಟರ್ ಒಳ್ಳೆಯ ಕಬ್ಬಿಣವನ್ನೂ ನಾನೇ ಹುಬ್ಬಳ್ಳಿಗೆ ಹೊತ್ತು ಕೆರೆಸಿಕೊಂಡು ಬಂದಿದ್ದೆ.

ಮರುದಿನ ಯಜಮಾನರೂ ಭಾವನೂ ಬಂದರು. ವಿಷಯ ಹೇಳಿದೆ. ಗೋಡೆ ಸತ್ತಿದೆ, ಈ ಬ್ಲಾಕ್ ಟರ್ಬೊಗಲ್ಲ, ಸುಮ್ಮನೆ ಓಡಿಸುವುದಕ್ಕೂ ಆಗುವುದಿಲ್ಲ ಎಂದೆ. ಭಾವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

"ಎಂತ ಆಗ್ತಿಲ್ಲೆ? ಮೆಟಲ್ ಪೇಸ್ಟ್ ಹಚ್ಚಿ, ಒಳಗೊಂದು ಲೈನರ್ ಹೊಡೀರಿ, ಹೊರಗಿಂದ ಪೇಂಟ್ ಬಡೀರಿ. ಐದು ಬೇಡ, ಮೂರು ಪೌಂಡ್ ಇಡಿ. ಎಲ್ಲಾ ಕಡೆ ಹಾಂಗೇ ಮಾಡ್ತ."

ಲೈನರ್ ಎಂದರೆ ಸಿಲಿಂಡರಿನೊಳಗೆ ಬಿಗಿಯುವ ಹೊಸ ಕಬ್ಬಿಣದ ಕೊಳವೆ. ಕೊಳೆತ ಹಲಗೆಗೆ ಮೊಳೆ ಹೊಡೆದರೆ ನಿಂತೀತೇ? ಬಾಯಿ ಬಿಡುವಷ್ಟರಲ್ಲಿ ಯಜಮಾನರು ತಗ್ಗಿದ ದನಿಯಲ್ಲಿ ಕೇಳಿದರು. "ಆಗ್ತದಾ ಮೇಸ್ತ್ರೀ? ಮದುವೆ ಕಳೆದು ಒಂದ್ಸಲ ಘಟ್ಟ ಹತ್ತಿದ್ರೆ ಸಾಕು. ಮತ್ತೆ ಒಳಗೆ ನಿಲ್ಸಿಬಿಡ್ತೆ."

ಒಂದ್ಸಲ ಸಾಕಂತೆ! ಕಾರಿನಲ್ಲಿ ಇರುವವರು ಯಾರು? ಹೊಸ ಮದುಮಗಳು, ಅಳಿಯ, ಬೀಗರು. ಘಟ್ಟದ ಅರ್ಧದಲ್ಲಿ ಗೋಡೆ ಒಡೆದರೆ ಕುದಿನೀರು ಸಿಲಿಂಡರಿಗೆ ನುಗ್ಗಿ ಎಂಜಿನ್ ಹಿಡಿದುಕೊಳ್ಳುತ್ತದೆ, ಹಿಂದಿನ ಚಕ್ರ ಕಚ್ಚಿಕೊಂಡು ಕಾರು ತಿರುವಿನಲ್ಲೇ ಅಡ್ಡ ನಿಲ್ಲುತ್ತದೆ, ಹಿಂದೆ ಲಾರಿ. ಮೀನಿನ ರಿಕ್ಷಾದ ಸಿಟ್ಟಿಗೆ ಮಗಳನ್ನು ಅಲ್ಲಿ ಕೂರಿಸಲು ಹೊರಟ ಅಪ್ಪನನ್ನು ನೋಡಿ ನನಗೆ ನಿಜಕ್ಕೂ ಹೇಸಿಗೆಯಾಯಿತು. ಅದಕ್ಕಿಂತ ಹೇಸಿಗೆಯಾದದ್ದು ಇನ್ನೊಂದಿದೆ, ಹೇಳಿಬಿಡುತ್ತೇನೆ. ಅವರು ಕೇಳಿದ ಆ ಕ್ಷಣ ನನ್ನ ತಲೆ ಲೆಕ್ಕ ಹಾಕಿತ್ತು. ಮೂರು ಪೌಂಡ್, ತೆಳು ಲೈನರ್, ಒಂದೇ ಸಲ, ಬಹುಶಃ ಆದೀತು. ಮೂರು ತಾಲೂಕಿನ ಮೊದಲ ಟರ್ಬೊ ಅಂಬಾಸಿಡರ್ ನನ್ನದೇ ಆದೀತು.

ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ನಾನೇ ಹೂಂ ಎನ್ನುತ್ತೇನೆ ಎಂದು ಗೊತ್ತಾಯಿತು. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಬಿಲ್ಲೆಯ ತೂತಿನಿಂದ ತೂರಿಸಿ ಮೂರನೆಯ ಸಿಲಿಂಡರಿನ ಬೆನ್ನಿಗೆ ತಾಗಿಸಿ, ಸುತ್ತಿಗೆಯಿಂದ ಒಂದು ಏಟು ಕೊಟ್ಟೆ. ದೊಡ್ಡ ಏಟಲ್ಲ, ತೆಂಗಿನಕಾಯಿಗೂ ಅದಕ್ಕಿಂತ ಜೋರಾಗಿ ಹೊಡೆಯುತ್ತೇವೆ. ಪುಸಕ್ಕೆಂದು ಸ್ಕ್ರೂಡ್ರೈವರಿನ ಮೂತಿ ಕನ್ನಡಿಯಂಥ ಗೋಡೆಯಿಂದ ಈಚೆ ಬಂತು.

"ಈಗ ಹಚ್ಚಿ ನಿಮ್ಮ ಪೇಸ್ಟು," ಎಂದೆ.

ಯಜಮಾನರು ಬಗ್ಗಿ, ಟಾರ್ಚ್ ಕೇಳಿ ಪಡೆದು ಬಿಲ್ಲೆಯ ತೂತಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಬೈಗುಳಕ್ಕೆ ಕಾದಿದ್ದೆ. ಅವರು ತಲೆ ಎತ್ತಿದಾಗ ಮುಖದಲ್ಲಿ ಸಿಟ್ಟಿರಲಿಲ್ಲ.

"ಭಾವಾ, ಈ ಬಣ್ಣ ನೋಡು. ಗುರ್ತು ಸಿಕ್ತಾ?"

ಭಾವ ಇಣುಕಿ, "ಅಯ್ಯೋ, ಇದು ಕತ್ತಿಗೆ ಹತ್ತೋ ಕೆಂಪಲ್ದಾ!" ಎಂದರು.

ನಾನು ಯಲ್ಲಾಪುರದ ಲಾರಿ ಡ್ರೈವರನ ಮಗ. ಅಡಿಕೆ ತೋಟದ ಕೆಲಸ ನನಗೇನು ಗೊತ್ತು? ಯಜಮಾನರೇ ಬಿಡಿಸಿ ಹೇಳಿದರು. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಔಷಧಿಗೆ ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಅಂದರೆ ತಾಮ್ರದ ನೀಲಿ ಉಪ್ಪು, ಕರಗಿಸುತ್ತಾರೆ, ಇನ್ನೊಂದರಲ್ಲಿ ಸುಣ್ಣ. ಎರಡನ್ನೂ ಬೆರೆಸಿದ ಮೇಲೆ ಹದ ನೋಡಲು ಉಜ್ಜಿದ ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು, ಮೈಲುತುತ್ತ ಇನ್ನೂ ಕಬ್ಬಿಣವನ್ನು ತಿನ್ನುತ್ತಿದೆ ಎಂದರ್ಥ. ತೋಟದ ಪ್ರತಿ ಮಗುವಿಗೂ ಗೊತ್ತಿರುವ ಪರೀಕ್ಷೆ ಇದು. ಮೂವತ್ತು ವರ್ಷದ ಮೇಸ್ತ್ರಿ ಅದೇ ಮೈಲುತುತ್ತದ ಹಸಿರು ಹಕ್ಕಳೆಯನ್ನು ಕೂಲಂಟ್ ಎಂದು ಪ್ಯಾಂಟಿಗೆ ಒರೆಸಿಕೊಂಡಿದ್ದ.

ನನಗೆ ರೇಗಿಹೋಯಿತು. "ರೇಡಿಯೇಟರಿಗೆ ಮೈಲುತುತ್ತ ಹಾಕಿದ್ದು ಯಾವ ಕತ್ತೆ ಯಜಮಾನ್ರೆ? ನಿಮ್ಮ ಅಪ್ಪಯ್ಯನ ಎಂಜಿನ್ ಕೊಂದವ ಯಾರು?" ಎಂದು ಕೂಗಿದೆ.

ಅವರು ಕೂಗಲಿಲ್ಲ. ಗೋಡೆಯತ್ತ ನೋಡಿದರು. ಕೆಂಪು ಅಕ್ಷರದ ಮೂರನೆಯ ಸಾಲಿನತ್ತ.

"ನೀವೇ ಬರೆಸಿದ್ರಿ ಅಲ್ದಾ ಮೇಸ್ತ್ರೀ. ಬಾವಿನೀರು ಬೇಡ, ಡ್ರಮ್ಮಲ್ಲಿ ತಿಳಿಯಾದ ನೀರು ಹಾಕಿ ಅಂತ. ನಮ್ಮಲ್ಲಿ ಉಳಿದ ಡ್ರಮ್ಮಲ್ಲೆಲ್ಲ ನೀರು ನಿಲ್ಸಿದ್ರೆ ಪಾಚಿ ಕಟ್ತು, ಹುಳ ಆಗ್ತು. ಔಷಧಿ ಮುಗಿದ ಮೇಲೆ ಮೈಲುತುತ್ತದ ಖಾಲಿ ಡ್ರಮ್ಮಲ್ಲಿ ತುಂಬಿಟ್ಟ ನೀರು ಮಾತ್ರ ಸ್ಫಟಿಕದ ಹಾಂಗೆ ಇರ್ತು, ವರ್ಷಗಟ್ಲೆ. ಅದನ್ನೇ ಕಾರಿಗೆ ಅಂತ ತೆಗೆದಿಟ್ಟಿದ್ದಿ. ಆ ಸಲ ಕಾರು ತಂದಾಗ ನೀವು ಬೋರ್ಡ್ ಓದ್ಸಿ ಹನ್ನೆರಡು ವರ್ಷ ಆತು. ಒಂದು ತಂಬಿಗೆ ಬಾವಿನೀರು ಮುಟ್ಸಿದ್ದಿಲ್ಲೆ."

ಕೊನೆಯ ಮಾತಿನಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು. ಮೇಸ್ತ್ರಿ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದವನ ಹೆಮ್ಮೆ. ಪಾಚಿಯನ್ನು ಕೊಲ್ಲುವ ನೀರು ಕಬ್ಬಿಣವನ್ನು ಬಿಟ್ಟೀತೇ ಎಂದು ಅವರಿಗೆ ಹೊಳೆಯಲಿಲ್ಲ. ಯಾವ ಡ್ರಮ್ ಎಂದು ಬರೆಸಬೇಕೆಂದು ನನಗೆ ಹೊಳೆಯಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ನಾನು ಬಿದ್ದದ್ದಷ್ಟೇ ಅಲ್ಲ, ಇನ್ನೊಬ್ಬರ ಅಪ್ಪನ ಎಂಜಿನ್ನನ್ನೂ ಎಳೆದುಕೊಂಡು ಬಿದ್ದಿದ್ದೆ.

ಆಮೇಲೆ ಎಲ್ಲವೂ ಸಲೀಸಾಗಿ ಅರ್ಥವಾಯಿತು. ಕಾರು ಘಟ್ಟದಲ್ಲಿ ಕುದಿದದ್ದು ಶಕ್ತಿ ಸಾಲದೆ ಅಲ್ಲ. ಒಳಗೆ ಮೈಲುತುತ್ತ ತಿಂದ ಕಬ್ಬಿಣವೇ ರಾಡಿಯಾಗಿ ನೀರಿನ ದಾರಿ ಕಟ್ಟಿತ್ತು. ಮೊದಲ ದಿನವೇ ಬಿಲ್ಲೆ ತೆಗೆದು, ತೊಳೆದು, ನಿಧಾನ ಓಡಿಸಿ ಎಂದಿದ್ದರೆ ಆ ಗೋಡೆ ಹೇಗೋ ಇನ್ನೂ ಕೆಲವು ವರ್ಷ ಬದುಕುತ್ತಿತ್ತು. ಟರ್ಬೊ ಬೇಕಿರಲೇ ಇಲ್ಲ.

ಇದನ್ನೂ ಅವರಿಗೆ ಹೇಳಿದೆ. ಹೇಳದೆ ಇದ್ದರೆ ಕನ್ನಡಿಯಲ್ಲಿ ನನ್ನ ಮುಖ ನಾನೇ ನೋಡಿಕೊಳ್ಳಲಾಗುತ್ತಿರಲಿಲ್ಲ. ಬೇರೆ ಬ್ಲಾಕ್ ಹುಡುಕಿ ನಾನೇ ಕೂರಿಸಿಕೊಡುತ್ತೇನೆ ಎಂದೆ. ಭಾವನೂ ಈಗ ಮೆತ್ತಗೆ, ಯಲ್ಲಾಪುರದಲ್ಲಿ ಒಂದು ಇದೆ ಎಂದರು. ಯಜಮಾನರು ತಲೆಯಾಡಿಸಿದರು. "ಬ್ಯಾಡ. ಅಪ್ಪಯ್ಯಂದಲ್ಲ ಅಂದ್ರೆ ಅದು ಯಾರದ್ದೋ ಕಾರು." ಬ್ಲಾಕಿನ ಮೇಲಿನ ನಂಬರಿನ ಮೇಲೆ ಹೆಬ್ಬೆರಳಿಟ್ಟು ಒಂದು ಸಲ ಒರೆಸಿ, ಬೈಯದೆ ಹೋದರು. ಎರಡು ಬೈದಿದ್ದರೆ ನನಗೆ ಅನ್ನ ಇಳಿಯುತ್ತಿತ್ತು.

ವೈಶಾಖದಲ್ಲಿ ಮಗಳು ಅಳಿಯನ ಸಣ್ಣ ಕಾರಿನಲ್ಲಿ ಘಟ್ಟ ಹತ್ತಿ ಬಂದಳಂತೆ. ದಾರಿಯಲ್ಲಿ ಎರಡು ಮೀನಿನ ರಿಕ್ಷಾ ದಾಟಿದರೂ ಯಾರೂ ಲಕ್ಷ್ಯ ಕೊಡಲಿಲ್ಲ ಎಂದು ಯಜಮಾನರೇ ಫೋನಿನಲ್ಲಿ ಹೇಳಿ ನಕ್ಕರು. ಟರ್ಬೊ ಅದೇ ಗೊಬ್ಬರದ ಚೀಲದಲ್ಲಿ ನನ್ನ ಬೆಂಚಿನ ಕೆಳಗಿದೆ.

ಬೋರ್ಡ್ ಅಳಿಸಲು ಬಣ್ಣ ತರಿಸಿಟ್ಟ ದಿನವೇ ಸಿದ್ದಾಪುರ ಕಡೆಯ ತೋಟದವರೊಬ್ಬರು ಜೀಪ್ ತಂದರು. ಸ್ವಲ್ಪ ಬಿಸಿಯಾಗ್ತು, ನೋಡಿ ಎಂದರು. ಬಾನೆಟ್ ಎತ್ತುವ ಮೊದಲೇ ಹಿಂದಿನ ಸೀಟಿನಿಂದ ಒಂದು ಕ್ಯಾನ್ ಇಳಿಸಿ ನನ್ನ ಮುಂದಿಟ್ಟರು. "ನೀರು ಬೇಕಾದ್ರೆ ಇದ್ರಲ್ಲೇ ಇದ್ದು ಮೇಸ್ತ್ರೀ. ನಿಮ್ಮ ಬೋರ್ಡಿನ ಪ್ರಕಾರದ್ದೇ." ಮುಚ್ಚಳ ತೆಗೆದೆ. ತಳದ ತನಕ ಕಾಣುವಷ್ಟು ತಿಳಿ. ಒಂದು ಹ್ಯಾಕ್ಸಾ ಬ್ಲೇಡನ್ನು ಬಣ್ಣ ಹೋಗುವಂತೆ ಉಜ್ಜಿ ಅದರೊಳಗೆ ಇಳಿಬಿಟ್ಟೆ. ಒಂದು ಚಾ ಕುಡಿಯುವಷ್ಟು ಹೊತ್ತು ಹಾಗೇ ಬಿಟ್ಟೆ. ಎತ್ತಿದರೆ ನೀರಿನಲ್ಲಿ ಮುಳುಗಿದಷ್ಟೂ ಭಾಗ ಕೆಂಪು.

"ಎಷ್ಟು ವರ್ಷದಿಂದ ಹಾಕ್ತಾ ಇದ್ದೀರಿ?" ಎಂದು ಕೇಳಿದೆ.

"ನೀವು ಹೇಳಿದಾಗಿಂದ," ಎಂದರು ಅವರು.